ಹಸ್ತಪ್ರತಿ ಮನೆಗೆ ಬಂದಾಗ

ಒಂದೆರಡು ಕಥಾಸಂಕಲನ, ಒಂದು ಕಾದಂಬರಿ ಪ್ರಕಟವಾಗುವ ಹೊತ್ತಿಗೆ ಶಿವಮೊಗ್ಗದಂಥ ಊರಿನಲ್ಲಿ ಕಥೆಗಾರರಿಗೆ ಇನ್ನೊಂದು ಕೆಲಸವೂ ಗಂಟುಬೀಳುತ್ತದೆ. ಕರ್ನಾಟಕ ಸಂಘದಲ್ಲಿ ಪುಸ್ತಕ ಬಿಡುಗಡೆ ಮುಗಿಸಿ ಹೊರಡುವಾಗ ಯಾರೋ ಪಕ್ಕಕ್ಕೆ ಬಂದು, "ಸರ್, ಒಂದು ಕಥೆ ಬರ್ದಿದೀನಿ, ನೋಡಿ ಹೇಳ್ತೀರಾ?" ಅನ್ನುತ್ತಾರೆ. ಭದ್ರಾವತಿಯ ಕಾಲೇಜಿಗೆ ಮಾತಾಡಲು ಹೋದರೆ ವಾಪಸ್ ಬರುವಾಗ ಚೀಲದಲ್ಲಿ ಒಂದೆರಡು ನೋಟ್‌ಬುಕ್ ಹೆಚ್ಚಾಗಿರುತ್ತವೆ. ಇದನ್ನು ಹೇಗೆ ನಿಭಾಯಿಸಬೇಕೆಂದು ಯಾರೂ ಕಲಿಸಿರುವುದಿಲ್ಲ. ಕಥೆ ಬರೆಯುವ ಶಕ್ತಿ ಬೇರೆ, ಇನ್ನೊಬ್ಬರ ಕಥೆಯ ಪಕ್ಕ ಕೂರುವ ಶಕ್ತಿ ಬೇರೆ. ಈ ಎರಡನೆಯ ಕೆಲಸ ಶುರುಮಾಡಿರುವವರಿಗೆ, ಮಾಡಬೇಕೆಂದು ಮನಸ್ಸಿರುವವರಿಗೆ ಉಪಯೋಗಕ್ಕೆ ಬರಲೆಂದು ಈ ಬರಹ.

ನಮ್ಮ ಜಿಲ್ಲೆಯ ಲೇಖಕರ ಬದುಕಿನ ಮೂರು ಪ್ರಸಂಗಗಳನ್ನು ಮೊದಲು ನೆನೆಯಬೇಕು. ಕುಪ್ಪಳಿಯ ಹುಡುಗ ಪುಟ್ಟಪ್ಪ (ಮುಂದೆ ಕುವೆಂಪು) ಮೈಸೂರಿನಲ್ಲಿ ಓದುತ್ತಿದ್ದಾಗ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದರು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವುಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಏಕೆ ಬರೆಯುತ್ತಿಲ್ಲ ಎಂದು ಕೇಳಿದರು. ಈ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಎರಡನೆಯದು ಅಷ್ಟು ಪ್ರಚಾರದಲ್ಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ 1960ರ ದಶಕದಲ್ಲಿ ಸಂಶೋಧನೆಗೆಂದು ಬರ್ಮಿಂಗ್‌ಹ್ಯಾಮ್‌ಗೆ ಹೋದಾಗ ಅಲ್ಲಿ ಅವರ ಮೇಷ್ಟ್ರಾಗಿದ್ದವರು ಮಾಲ್ಕಮ್ ಬ್ರಾಡ್‌ಬರಿ, ಸ್ವತಃ ಕಾದಂಬರಿಕಾರರು. ಇಬ್ಬರೂ ಕೂಡಿ ಬರ್ಗ್‌ಮನ್‌ನ 'ಸೆವೆಂತ್ ಸೀಲ್' ಸಿನಿಮಾ ನೋಡಿ ಬಂದರು. ಯುರೋಪಿನವರು ಮಧ್ಯಯುಗವನ್ನು ಪುಸ್ತಕಗಳಿಂದ ಹೆಕ್ಕಿ ಕಟ್ಟಬೇಕು, ನನಗಾದರೆ ಅದು ನಮ್ಮೂರಲ್ಲಿ ಇನ್ನೂ ಜೀವಂತವಾಗಿದೆ ಎಂದು ಅನಂತಮೂರ್ತಿ ಮಾತಿಗೆ ಹೇಳಿದರು. ಹಾಗಾದರೆ ಅದನ್ನೇ ಬರೆಯಿರಿ ಎಂದರು ಬ್ರಾಡ್‌ಬರಿ. 1965ರಲ್ಲಿ 'ಸಂಸ್ಕಾರ' ಬಂತು. ಅದೇ ಬ್ರಾಡ್‌ಬರಿ 1970ರಲ್ಲಿ ಆಂಗಸ್ ವಿಲ್ಸನ್ ಜೊತೆ ಸೇರಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಸೃಜನಶೀಲ ಬರವಣಿಗೆಯ ಸ್ನಾತಕೋತ್ತರ ತರಗತಿ ಶುರುಮಾಡಿದರು.

ಮೂರನೆಯವರು ಕೊನಗವಳ್ಳಿಯ ಪಿ. ಲಂಕೇಶ್. 1980ರಲ್ಲಿ 'ಲಂಕೇಶ್ ಪತ್ರಿಕೆ' ಆರಂಭಿಸಿದ ಮೇಲೆ ಅವರ ಮೇಜಿಗೆ ನಾಡಿನ ಮೂಲೆಮೂಲೆಯಿಂದ ಹೊಸಬರ ಬರಹ ಬರತೊಡಗಿತು. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ಸಾರಾ ಅಬೂಬಕ್ಕರ್ ನಲವತ್ತು ದಾಟಿದ ಮೇಲೆ ಬರೆಯಲು ಕೂತವರು. ಅವರ 'ಚಂದ್ರಗಿರಿಯ ತೀರದಲ್ಲಿ' ಈ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾಯಿತು. ಹಾಸನದ ಬಾನು ಮುಷ್ತಾಕ್ 1980ರ ದಶಕದಲ್ಲಿ ಇದೇ ಪತ್ರಿಕೆಗೆ ವರದಿಗಾರ್ತಿಯಾಗಿದ್ದರು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು.

ಈ ಮೂರೂ ಪ್ರಸಂಗಗಳಲ್ಲಿ ಹಿರಿಯರ ಕೆಂಪು ಪೆನ್ನು ಎಲ್ಲೂ ಮುಖ್ಯವಾಗಿ ಕಾಣುವುದಿಲ್ಲ. ಕಿರಿಯರ ಹತ್ತಿರ ಮೊದಲೇ ಇದ್ದ, ಅವರಿಗೇ ಅದರ ಬೆಲೆ ಗೊತ್ತಿರದ ಸಾಮಗ್ರಿಯ ಕಡೆಗೆ ಹಿರಿಯರು ಕೈ ತೋರಿಸಿದರು. ಮಾರ್ಗದರ್ಶನದ ಅರ್ಧಕ್ಕಿಂತ ಹೆಚ್ಚು ಕೆಲಸ ಇದು ಎಂದು ನಾನು ನಂಬಿದ್ದೇನೆ. ವಾಕ್ಯ ತಿದ್ದುವುದು ಆಮೇಲಿನದು.

ಭದ್ರಾವತಿಯ ಹುಡುಗಿ ಮತ್ತು ಅಡಿಕೆ ತೋಟ

ನಮ್ಮ ಕಡೆ ಹೊಸದಾಗಿ ಬರೆಯುವವರಲ್ಲಿ ಪದೇಪದೇ ಕಾಣುವ ಒಂದು ಲಕ್ಷಣವಿದೆ. ಕುವೆಂಪು, ಅನಂತಮೂರ್ತಿ, ತೇಜಸ್ವಿ, ಎಂ.ಕೆ. ಇಂದಿರಾ ಇವರೆಲ್ಲ ಈ ಜಿಲ್ಲೆಯವರಾದ್ದರಿಂದ ಸಾಹಿತ್ಯ ಎಂದರೆ ಮಳೆ, ಕಾಡು, ಅಡಿಕೆ ತೋಟ, ಹಳೆಯ ಮನೆಯ ಜಗುಲಿ ಎಂಬ ಭಾವನೆ ಬೇರೂರಿದೆ. ಭದ್ರಾವತಿಯ ಪೇಪರ್‌ಟೌನಿನ ಕ್ವಾರ್ಟರ್ಸ್‌ನಲ್ಲಿ ಬೆಳೆದ ಹುಡುಗಿ ತಾನು ಒಂದು ದಿನವೂ ಇರದ ತೋಟದ ಮನೆಯ ಬಗ್ಗೆ ಕಥೆ ಬರೆದು ತರುತ್ತಾಳೆ. ಭಾಷೆ ಚೆನ್ನಾಗಿರುತ್ತದೆ. ಜೀವ ಇರುವುದಿಲ್ಲ.

ಅಂಥ ಕಥೆಯ ವಾಕ್ಯಗಳನ್ನು ತಿದ್ದಿ ಕೊಡುವುದರಿಂದ ಏನೂ ಆಗದು. ಆಕೆಯ ಮನೆಯ ವಿಷಯ ಕೇಳಿ. ಭದ್ರಾವತಿ ಎಂಥ ಊರು ಎಂದು ಯೋಚಿಸಿದರೆ ಸಾಕು: ಬೆಂಕಿಪುರ ಎಂಬ ಹೆಸರಿದ್ದ ಊರಿನಲ್ಲಿ 1918ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು, 1923ರಲ್ಲಿ ಉತ್ಪಾದನೆ ಆರಂಭವಾಯಿತು, 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕೆಲಸ ಹುಡುಕಿಕೊಂಡು ತಮಿಳು, ತೆಲುಗು, ಉರ್ದು, ಮಲಯಾಳ ಮಾತಾಡುವ ಸಂಸಾರಗಳು ಬಂದು ನೆಲೆಸಿದವು. ಪಾಳಿಯ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡ ಮನೆಗಳು, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ಅಪ್ಪ, ಅವರಿಗೆ ಎಚ್ಚರವಾಗದಂತೆ ಪಿಸುಮಾತಿನಲ್ಲೇ ಆಟವಾಡುವ ಮಕ್ಕಳು. ಆಮೇಲೆ ಯಂತ್ರಗಳು ನಿಂತದ್ದು, ಸ್ವಯಂ ನಿವೃತ್ತಿಯ ಹಣ, ಗುತ್ತಿಗೆ ಕಾರ್ಮಿಕರ ಧರಣಿ, ಖಾಲಿಯಾದ ಕ್ವಾರ್ಟರ್ಸ್ ಸಾಲು. ಇಷ್ಟೆಲ್ಲ ಬಾಗಿಲ ಹೊರಗೇ ಇರುವಾಗ ಆಕೆ ಅಡಿಕೆ ತೋಟಕ್ಕೆ ಹೋಗಬೇಕಾಗಿಲ್ಲ. ಆದರೆ "ನಿಮ್ಮ ಕಾರ್ಖಾನೆ ಬಗ್ಗೆ ಬರಿ" ಎಂದು ನೇರವಾಗಿ ಹೇಳಿದರೆ ಪ್ರಬಂಧ ಬರೆದು ತರುತ್ತಾಳೆ. ಚಿಕ್ಕ ಪ್ರಶ್ನೆ ಕೇಳಬೇಕು. ಅಪ್ಪ ಪಾಳಿಯಿಂದ ಬಂದ ತಕ್ಷಣ ಏನು ಮಾಡ್ತಿದ್ರು? ಕೆಲಸ ಹೋದ ದಿನ ಮನೇಲಿ ಯಾರು ಮೊದಲು ಮಾತಾಡಿದ್ರು? ಪಕ್ಕದ ಕ್ವಾರ್ಟರ್ಸ್‌ನ ಅಕ್ಕ ಯಾವ ಭಾಷೇಲಿ ಬೈತಿದ್ಲು? ಉತ್ತರ ಹೇಳುವಾಗ ಆಕೆಯ ದನಿ ಎಲ್ಲಿ ಬದಲಾಗುತ್ತದೋ ಅಲ್ಲಿ ಕಥೆ ಇದೆ. "ಈಗ ಹೇಳಿದ್ಯಲ್ಲ, ಅದನ್ನೇ ಒಂದು ಪುಟ ಬರ್ಕೊಂಡು ಬಾ" ಎಂದು ಕಳಿಸಿ.

ಮಾತಿನ ಭಾಗವನ್ನು ಶುದ್ಧ ಮಾಡುವ ಆಸೆಯನ್ನೂ ಬಿಗಿಹಿಡಿಯಬೇಕು. ಹಳೇನಗರದ ಮುಸ್ಲಿಂ ಮನೆಯ ಕನ್ನಡ, ತಮಿಳು ಅಜ್ಜಿಯ ಕನ್ನಡ, ಶಿಕಾರಿಪುರದ ಕಡೆಯ ಕನ್ನಡ ಇವೆಲ್ಲ ನಿಮ್ಮ ಕನ್ನಡದಂತೆ ಇರಬೇಕಾಗಿಲ್ಲ. ಬಾನು ಮುಷ್ತಾಕ್ ಅವರ ಕಥೆಗಳ ಬಲ ಇರುವುದೇ ಆ ಮನೆಗಳ ಮಾತು ಕನ್ನಡದೊಳಗೆ ಹಾಗೇ ಉಸಿರಾಡುವುದರಲ್ಲಿ. ದೀಪಾ ಭಾಸ್ತಿ ಇಂಗ್ಲಿಷಿಗೆ ತರುವಾಗಲೂ ಉರ್ದು, ಕನ್ನಡ ಪದಗಳನ್ನು ಅಳಿಸದೆ ಉಳಿಸಿಕೊಂಡರು. ಕಾಗುಣಿತ ತಪ್ಪಾಗಿದ್ದರೆ ತಿದ್ದಿ. ಪಾತ್ರದ ನಾಲಿಗೆಯನ್ನು ಮುಟ್ಟಬೇಡಿ.

ಹೊಸ ಲೇಖಕರೆಂದರೆ ಕಾಲೇಜು ಮಕ್ಕಳು ಮಾತ್ರ ಎಂದು ತಿಳಿಯುವುದೂ ತಪ್ಪು. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಪ್ರಕಟವಾದದ್ದು 1963ರಲ್ಲಿ. 'ಫಣಿಯಮ್ಮ' ಬಂದದ್ದು ಅದಕ್ಕೂ ಎಷ್ಟೋ ವರ್ಷದ ನಂತರ. ಅಂಗನವಾಡಿ ಕಾರ್ಯಕರ್ತೆ, ನಿವೃತ್ತ ಫೋರ್‌ಮನ್, ಮಕ್ಕಳ ಮದುವೆ ಮುಗಿಸಿದ ಗೃಹಿಣಿ ಇವರು ತರುವ ಹಸ್ತಪ್ರತಿಗೆ ಕೊಡುವ ಸಮಯದಲ್ಲಿ ಜಿಪುಣತನ ಬೇಡ. ವಯಸ್ಸಿನಲ್ಲಿ ನಿಮಗಿಂತ ಹಿರಿಯರಾಗಿದ್ದರೆ ಒಂದು ಎಚ್ಚರಿಕೆ ಮಾತ್ರ: ಗೌರವಕ್ಕಾಗಿ ಹೊಗಳಿ ಕಳಿಸಬೇಡಿ. ಅವರು ಬಂದಿರುವುದು ಹೊಗಳಿಕೆಗಲ್ಲ, ಓದುಗರೊಬ್ಬರು ಬೇಕೆಂದು.

ಓದುವ ಕ್ರಮ

ಒಬ್ಬರಿಂದ ಒಂದು ಸಲಕ್ಕೆ ಒಂದೇ ಕಥೆ ತೆಗೆದುಕೊಳ್ಳಿ. "ನನ್ನ ಇಪ್ಪತ್ತು ಕಥೆ ಇದಾವೆ" ಅಂದರೆ, ಅವರಿಗೆ ತೀರಾ ಇಷ್ಟವಾದದ್ದನ್ನು ಅವರೇ ಆರಿಸಲಿ. ಆ ಆಯ್ಕೆಯಿಂದಲೇ ನಿಮಗೆ ಅರ್ಧ ತಿಳಿಯುತ್ತದೆ. ಮೊದಲ ಓದಿನಲ್ಲಿ ಕೈಯಲ್ಲಿ ಪೆನ್ನು ಇರಬಾರದು. ಮುಗಿಸಿದ ಕೂಡಲೇ ಕಥೆಯನ್ನು ಮುಚ್ಚಿಟ್ಟು ಯಾವ ದೃಶ್ಯ ನೆನಪಿನಲ್ಲಿ ನಿಂತಿದೆ ಎಂದು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಲೇಖಕರಿಗೆ ಹೇಳಬೇಕಾದ ಮೊದಲ ಮಾತು ಅದೇ. ಎರಡನೇ ಓದಿಗೆ ಪೆನ್ಸಿಲ್ ಸಾಕು. ಎಲ್ಲಿ ನಂಬಿಕೆ ಬರಲಿಲ್ಲ, ಎಲ್ಲಿ ಬೇಸರವಾಯಿತು, ಎಲ್ಲಿ ಅರ್ಥವಾಗಲಿಲ್ಲ ಎಂಬ ಮೂರನ್ನು ಮಾತ್ರ ಅಂಚಿನಲ್ಲಿ ಗುರುತು ಮಾಡಿ. ಬದಲಿ ವಾಕ್ಯ ಬರೆದು ಕೊಡುವ ಚಪಲ ಬೇಡ. ನೀವು ಬರೆದು ಕೊಟ್ಟ ವಾಕ್ಯ ನಿಮ್ಮ ಕಥೆಯಿಂದ ಬಂದದ್ದು. ಅದು ಅಲ್ಲಿ ಕೂತರೆ ಸುತ್ತಲಿನ ನಾಲ್ಕು ವಾಕ್ಯಗಳೂ ಸುಳ್ಳಾಗಿ ಕಾಣುತ್ತವೆ.

ಹೊಸಬರ ಕಥೆಗಳಲ್ಲಿ ಸಾಮಾನ್ಯವಾಗಿ ಮೊದಲ ಒಂದೂವರೆ ಪುಟ ಬೇಕಾಗಿರುವುದಿಲ್ಲ. ಬೆಳಗಾಗುವುದು, ಕಾಫಿ ಕುಡಿಯುವುದು, ಬಸ್ಸಿನ ಕಿಟಕಿಯಿಂದ ಹಿಂದಿನದನ್ನೆಲ್ಲ ನೆನೆಯುವುದು. ಕೊನೆಯ ಪ್ಯಾರಾ ಕೂಡ ಹಲವು ಸಲ ಹೆಚ್ಚುವರಿ. ಅಲ್ಲಿ ಲೇಖಕರು ಕಥೆಯ ಅರ್ಥ ಹೇಳುತ್ತಿರುತ್ತಾರೆ. ಎರಡನ್ನೂ ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಅವರ ಎದುರಿಗೇ ಗಟ್ಟಿಯಾಗಿ ಓದಿ ತೋರಿಸಿ. ನೀವು ವಾದ ಮಾಡಬೇಕಾಗಿಯೇ ಬರುವುದಿಲ್ಲ.

ವಾಪಸ್ ಕೊಡುವ ದಿನವನ್ನು ತೆಗೆದುಕೊಳ್ಳುವ ದಿನವೇ ಹೇಳಿ, ಆ ಮಾತು ಉಳಿಸಿಕೊಳ್ಳಿ. ನಮ್ಮಲ್ಲಿ ದೊಡ್ಡ ಅನ್ಯಾಯ ನಡೆಯುವುದು ಇಲ್ಲೇ. ವರ್ಷಗಟ್ಟಲೆ ಹಸ್ತಪ್ರತಿ ಕಪಾಟಿನಲ್ಲಿ ಇಟ್ಟುಕೊಂಡು "ನೋಡ್ತೀನಪ್ಪಾ" ಎನ್ನುವುದಕ್ಕಿಂತ ಮೊದಲ ದಿನವೇ "ಈಗ ಆಗೋದಿಲ್ಲ" ಅನ್ನುವುದು ಎಷ್ಟೋ ಕರುಣೆಯ ಮಾತು. ಮೌನವನ್ನು ಹೊಸಬರು ತಿರಸ್ಕಾರ ಎಂದೇ ಓದಿಕೊಳ್ಳುತ್ತಾರೆ. ಕೆಲವರು ಬರೆಯುವುದನ್ನೇ ಬಿಡುತ್ತಾರೆ.

ಕಮ್ಮಟ ಮಾಡುವುದಾದರೆ

ಶಿವಮೊಗ್ಗದಲ್ಲಿ ಜಾಗದ ಕೊರತೆ ಇಲ್ಲ. 1930ರಿಂದ ನಡೆದುಬಂದಿರುವ ಕರ್ನಾಟಕ ಸಂಘ ಇದೆ, ಸಹ್ಯಾದ್ರಿ ಕಾಲೇಜು ಇದೆ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಆ ವಿಶ್ವವಿದ್ಯಾಲಯದ ಮೊದಲ ಕುಲಪತಿ ಶಾಂತಿನಾಥ ದೇಸಾಯಿ 'ಮುಕ್ತಿ'ಯ ಕಾದಂಬರಿಕಾರರು ಎಂಬುದನ್ನು ಅಲ್ಲಿ ಓದುವ ಮಕ್ಕಳಿಗೆ ಹೇಳಬೇಕು. ಆದರೆ ನೂರು ಜನರನ್ನು ಕೂರಿಸಿ ಉದ್ಘಾಟನೆ, ಸನ್ಮಾನ, ಸಮಾರೋಪ ಮಾಡುವುದು ಸಮಾರಂಭವಾಗುತ್ತದೆ, ಕಮ್ಮಟವಾಗುವುದಿಲ್ಲ. ಹತ್ತು ಹನ್ನೆರಡು ಜನ ಸಾಕು. ಒಂದು ದಿನಕ್ಕೆ ನಾಲ್ಕು ಕಥೆಗಿಂತ ಹೆಚ್ಚು ಬೇಡ. ಕಥೆಗಳ ಪ್ರತಿ ಒಂದು ವಾರ ಮುಂಚೆಯೇ ಎಲ್ಲರ ಕೈಗೆ ಹೋಗಿರಲಿ.

ಅಮೆರಿಕದ ಅಯೋವಾದಲ್ಲಿ 1936ರಿಂದ ನಡೆಯುತ್ತಿರುವ ಲೇಖಕರ ಕಮ್ಮಟದಿಂದ ಹಬ್ಬಿದ ಒಂದು ಪದ್ಧತಿ ಪ್ರಸಿದ್ಧವಾಗಿದೆ: ಕಥೆಯ ಚರ್ಚೆ ನಡೆಯುವಾಗ ಬರೆದವರು ಬಾಯಿ ಬಿಡುವಂತಿಲ್ಲ. ನಮ್ಮಲ್ಲಿ ಇದನ್ನು ಹಾಗೇ ಅನುಸರಿಸಬಾರದು ಎಂಬುದು ನನ್ನ ಅಭಿಪ್ರಾಯ. ಹಿರಿಯರ ಮುಂದೆ ನಮ್ಮ ಮಕ್ಕಳು, ಅದರಲ್ಲೂ ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ಹೇಗೂ ಸುಮ್ಮನಿರುತ್ತಾರೆ. ನಿಯಮ ಆ ಮೌನಕ್ಕೆ ಇನ್ನೊಂದು ಬೀಗ ಹಾಕುತ್ತದೆ. ಅದಕ್ಕೆ ಬದಲು, ಬರೆದವರೇ ಮೊದಲು ಎದ್ದು ಈ ಕಥೆಯಲ್ಲಿ ತಮಗೆ ಎಲ್ಲಿ ಅನುಮಾನವಿದೆ, ಏನು ತಿಳಿಯಬೇಕಾಗಿದೆ ಎಂದು ಹೇಳಲಿ. ಚರ್ಚೆ ಅಲ್ಲಿಂದ ಹೊರಡಲಿ. ಕಮ್ಮಟದ ಹಿರಿಯರು ಕಡೆಯಲ್ಲಿ ಮಾತಾಡಲಿ. ಅವರು ಮೊದಲು ಮಾತಾಡಿಬಿಟ್ಟರೆ ಉಳಿದವರೆಲ್ಲ ಅದಕ್ಕೇ ತಲೆಯಾಡಿಸುತ್ತಾರೆ.

ಬೆಳಿಗ್ಗೆ ಹತ್ತಕ್ಕೆ ಶುರುಮಾಡಿ ನಾಲ್ಕಕ್ಕೆ ಮುಗಿಸಿ. ಹೊಸನಗರ, ಸೊರಬದ ಕಡೆಯಿಂದ ಬಂದವರಿಗೆ ಸಂಜೆಯ ಬಸ್ ಸಿಗಬೇಕು. ಬಸ್ ಚಾರ್ಜು, ಊಟ ಸಂಘಟಕರೇ ನೋಡಿಕೊಂಡರೆ ಬರುವವರ ಪಟ್ಟಿಯೇ ಬದಲಾಗುತ್ತದೆ. ನೀವೇ ಅತಿಥಿಯಾಗಿದ್ದರೆ ಸಂಭಾವನೆಯ ಮಾತನ್ನು ಒಪ್ಪಿಕೊಳ್ಳುವ ಮೊದಲೇ ಆಡಿ, ಅದರಲ್ಲಿ ಸಂಕೋಚ ಬೇಡ. ಒಂದು ಕಥೆ ನೋಡಿ ಹೇಳುವುದಕ್ಕೆ ಕನ್ನಡದಲ್ಲಿ ಯಾರೂ ಹಣ ತೆಗೆದುಕೊಳ್ಳುವ ರೂಢಿ ಇಲ್ಲ, ಅದು ಹಾಗೇ ಇರಲಿ. ಮುನ್ನೂರು ಪುಟದ ಕಾದಂಬರಿಯನ್ನು ಸಾಲುಸಾಲಾಗಿ ನೋಡುವುದು ಮಾತ್ರ ತಿಂಗಳುಗಳ ಕೆಲಸ. ಅದಕ್ಕೆ ಮೊತ್ತ, ಅವಧಿ ಮೊದಲೇ ಮಾತಾಗಿರಬೇಕು. ಒಂದು ಸ್ಪರ್ಧೆಗೆ ನೀವು ತೀರ್ಪುಗಾರರಾಗಿದ್ದರೆ, ನೀವು ಕರಡು ನೋಡಿಕೊಟ್ಟ ಕಥೆ ಅಲ್ಲಿಗೆ ಬಂದಿದ್ದರೆ, ಸಂಘಟಕರಿಗೆ ತಿಳಿಸಿ ಆ ತೀರ್ಪಿನಿಂದ ದೂರ ಉಳಿಯಿರಿ.

ನಿಮ್ಮ ಬರವಣಿಗೆ

ಇಷ್ಟೆಲ್ಲ ಮಾಡುತ್ತ ಸ್ವಂತ ಕಾದಂಬರಿ ನಿಂತುಹೋದರೆ ಯಾರಿಗೂ ಲಾಭವಿಲ್ಲ. ಹೊಸಬರು ನಿಮ್ಮ ಹತ್ತಿರ ಬರುವುದು ನೀವು ಬರೆಯುತ್ತಿದ್ದೀರಿ ಎಂಬ ಕಾರಣಕ್ಕೆ. ಸಾಗರದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರಿ ಮಾಡುತ್ತಲೇ ಶರಾವತಿಯಲ್ಲಿ ಊರು ಮುಳುಗಿ ನೆಲೆ ಕಳೆದುಕೊಂಡವರ ಕಥೆಗಳನ್ನು ಬರೆದರು, ಮಕ್ಕಳಿಗೂ ಬರೆದರು. 2025ರ ಜನವರಿಯಲ್ಲಿ ತೀರಿಕೊಂಡರು. ಲಂಕೇಶ್ ವಾರಪತ್ರಿಕೆಯ ಒತ್ತಡದ ನಡುವೆ ಬರೆದ ಕಥೆಗಳ 'ಕಲ್ಲು ಕರಗುವ ಸಮಯ'ಕ್ಕೆ 1993ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಮಯ ಯಾರಿಗೂ ತಾನಾಗಿ ಸಿಕ್ಕಿದ್ದಲ್ಲ.

ಬೆಳಗಿನ ಹೊತ್ತು ನಿಮ್ಮದಾಗಿರಲಿ, ಇತರರ ಹಸ್ತಪ್ರತಿಗೆ ವಾರದಲ್ಲಿ ಒಂದು ನಿಗದಿತ ಸಂಜೆ ಸಾಕು. ವಾಟ್ಸ್‌ಆ್ಯಪಿನಲ್ಲಿ ಬಂದ ಕಥೆಯನ್ನು ಫೋನಿನಲ್ಲಿ ಓದಿ ಅಭಿಪ್ರಾಯ ಹೇಳಬೇಡಿ. ಕಾಗದದ ಮೇಲೆ ಬರಲಿ. ಸ್ವಂತ ಕೃತಿಯ ಮೊದಲ ಕರಡು ನಡೆಯುವ ತಿಂಗಳುಗಳಲ್ಲಿ ಹೊಸದೇನನ್ನೂ ಒಪ್ಪಿಕೊಳ್ಳದಿರುವುದು ಒಳ್ಳೆಯದು. ಇನ್ನೊಬ್ಬರ ಲಯ ನಮಗೆ ಅರಿವಿಲ್ಲದೆ ನಮ್ಮ ವಾಕ್ಯಕ್ಕೆ ಹತ್ತುತ್ತದೆ. ಲಯಕ್ಕಿಂತ ಅಪಾಯದ್ದು ವಸ್ತು. ಶಿಷ್ಯರು ನಂಬಿ ಹೇಳಿದ ಮನೆಯ ಘಟನೆ, ಅವರ ಕರಡಿನಲ್ಲಿದ್ದ ಸನ್ನಿವೇಶ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಕಥೆಗೆ ಬರಕೂಡದು. ಕಾನೂನು ಬರಿಯ ಕಲ್ಪನೆಗೆ ರಕ್ಷಣೆ ಕೊಡುವುದಿಲ್ಲ, ಅದನ್ನು ಬರೆದ ರೂಪಕ್ಕೆ ಮಾತ್ರ ಕೊಡುತ್ತದೆ. ಅದಕ್ಕಾಗಿಯೇ ಇಲ್ಲಿ ನಿಮ್ಮ ಮನಸ್ಸಾಕ್ಷಿಯೇ ಕಾವಲು ಕಾಯಬೇಕು.

ಮುನ್ನುಡಿ ಕೇಳುವವರೂ ಬರುತ್ತಾರೆ. ಪೂರ್ತಿ ಓದದ ಪುಸ್ತಕಕ್ಕೆ ಒಂದು ಸಾಲಿನ ಬೆನ್ನುಡಿಯನ್ನೂ ಕೊಡಬೇಡಿ.

ಅಚ್ಚಿನ ದಾರಿ

ಕಥೆ ಗಟ್ಟಿಯಾದ ಮೇಲೆ ಎಲ್ಲಿಗೆ ಕಳಿಸಬೇಕು ಎಂಬುದನ್ನು ಹೇಳಿಕೊಡುವುದೂ ನಿಮ್ಮ ಕೆಲಸವೇ. ಭದ್ರಾವತಿಯಲ್ಲಿ 1965ರಿಂದ ಆಕಾಶವಾಣಿ ಇದೆ. ಹೊಸ ಕಥೆಗಾರರಿಗೆ ಅದಕ್ಕಿಂತ ಹತ್ತಿರದ ವೇದಿಕೆ ಇಲ್ಲ. ಬಾನುಲಿಗೆ ಕಥೆ ಓದುವುದು ಒಳ್ಳೆಯ ಶಿಕ್ಷಣ ಕೂಡ. ಹತ್ತು ನಿಮಿಷಕ್ಕೆ ಸಾವಿರ ಪದದ ಆಸುಪಾಸು ಹಿಡಿಯುತ್ತದೆ ಎಂಬ ಲೆಕ್ಕದಲ್ಲಿ ಕಥೆಯನ್ನು ಇಳಿಸುವಾಗ ಯಾವುದು ಬೇಡ ಎಂಬುದು ತಾನೇ ಗೊತ್ತಾಗುತ್ತದೆ. ಊರಿನ ದಿನಪತ್ರಿಕೆಗಳ ವಿಶೇಷಾಂಕ, ಆಮೇಲೆ 'ಮಯೂರ', 'ತುಷಾರ', 'ಸುಧಾ', 'ತರಂಗ', ದೀಪಾವಳಿ ಕಥಾಸ್ಪರ್ಧೆಗಳು. ಒಂದು ಕಥೆಯನ್ನು ಒಂದೇ ಸಲ ಎರಡು ಕಡೆ ಕಳಿಸಬಾರದು. ಸ್ಪರ್ಧೆಗೆ ಕಳಿಸುವ ಕಥೆಯನ್ನು ಫೇಸ್‌ಬುಕ್ಕಿನಲ್ಲಿ ಹಾಕಬಾರದು. ಎಷ್ಟೋ ಕಡೆ ಅದನ್ನು ಪ್ರಕಟಿತ ಎಂದೇ ಎಣಿಸುತ್ತಾರೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಮುದ್ರಣಾಲಯದಲ್ಲಿ 'ನುಡಿ' ತಂತ್ರಾಂಶದ ಹಳೆಯ ಅಕ್ಷರಕ್ಕೆ ಬದಲಾಯಿಸಿದಾಗ ಒತ್ತಕ್ಷರ, ಅರ್ಕಾವೊತ್ತು ಹಾಳಾಗುತ್ತವೆ, ಹಾಗಾಗಿ ಕರಡಚ್ಚನ್ನು ಲೇಖಕರೇ ಮತ್ತೊಮ್ಮೆ ಓದಬೇಕು.

ಮೊದಲ ಸಂಕಲನಕ್ಕೆ ಸ್ವಂತ ದುಡ್ಡು ಸುರಿಯುವ ಮೊದಲು ಇರುವ ದಾರಿಗಳನ್ನು ನೋಡಲಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಸಹಾಯಧನದ ಅರ್ಜಿ ಕರೆಯುತ್ತದೆ. ಕಾದಂಬರಿಕಾರ ವಸುಧೇಂದ್ರ ನಡೆಸುವ ಛಂದ ಪುಸ್ತಕ, ಮೊದಲ ಕಥಾಸಂಕಲನದ ಹಸ್ತಪ್ರತಿಗೆ ಸ್ಪರ್ಧೆ ಮಾಡಿ ಗೆದ್ದದ್ದನ್ನು ಪ್ರಕಟಿಸುವ ಪರಿಪಾಠ ಬೆಳೆಸಿದೆ. ಪುಸ್ತಕ ಬಂದ ಮೇಲೆ ನಮ್ಮ ಕರ್ನಾಟಕ ಸಂಘದ ವಾರ್ಷಿಕ ಬಹುಮಾನಗಳಿವೆ: ಕಾದಂಬರಿಗೆ ಕುವೆಂಪು ಹೆಸರಿನಲ್ಲಿ, ಕಥಾಸಂಕಲನಕ್ಕೆ ಅನಂತಮೂರ್ತಿ ಹೆಸರಿನಲ್ಲಿ, ಲೇಖಕಿಯರಿಗೆ ಎಂ.ಕೆ. ಇಂದಿರಾ ಹೆಸರಿನಲ್ಲಿ, ಮುಸ್ಲಿಂ ಬರಹಗಾರರಿಗೆ ಲಂಕೇಶ್ ಹೆಸರಿನಲ್ಲಿ.

ಹಕ್ಕಿನ ವಿಷಯದಲ್ಲಿ ಹೊಸಬರಿಗೆ ಏನೂ ಗೊತ್ತಿರುವುದಿಲ್ಲ, ಪುಸ್ತಕದ ಸಂತೋಷದಲ್ಲಿ ಎಲ್ಲಿ ಹೇಳಿದರಲ್ಲಿ ಸಹಿ ಹಾಕುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಲೇಖಕರದು, ಅವರ ಕಾಲಾನಂತರ 60 ವರ್ಷ ವಾರಸುದಾರರದು. ನೋಂದಣಿ ಕಡ್ಡಾಯವಲ್ಲ. ಹಕ್ಕನ್ನು ಬಿಟ್ಟುಕೊಡುವುದು ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. ಒಪ್ಪಂದದಲ್ಲಿ ಅವಧಿ ಹೇಳದಿದ್ದರೆ ಅದನ್ನು 5 ವರ್ಷ ಎಂದು ತಿಳಿಯಬೇಕು, ಪ್ರದೇಶ ಹೇಳದಿದ್ದರೆ ಭಾರತಕ್ಕಷ್ಟೇ ಎಂದು. ಅನುವಾದ, ಸಿನಿಮಾ, ಆಡಿಯೊ ಹಕ್ಕುಗಳನ್ನು ಬೇರೆಬೇರೆಯಾಗಿ ಬರೆಸಿಕೊಳ್ಳುವಂತೆ ಹೇಳಿ. ಗಿರೀಶ ಕಾಸರವಳ್ಳಿ 'ದ್ವೀಪ' ಸಿನಿಮಾ ಮಾಡಿದ್ದು ಡಿಸೋಜ ಅವರ ಕಾದಂಬರಿಯಿಂದ. ಸಾಗರದ ಮೂಲೆಯಲ್ಲಿ ಕೂತು ಬರೆದದ್ದು ಎಲ್ಲಿಗೆ ಹೋಗುತ್ತದೆಂದು ಯಾರೂ ಮೊದಲೇ ಹೇಳಲಾರರು. ಐಎಸ್‌ಬಿಎನ್ ಸಂಖ್ಯೆಗೆ ಯಾರಾದರೂ ಹಣ ಕೇಳಿದರೆ ಕೊಡಬೇಕಾಗಿಲ್ಲ; ಭಾರತದಲ್ಲಿ ರಾಜಾ ರಾಮಮೋಹನ ರಾಯ್ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ.

ಪುಸ್ತಕ ಬಂದ ಮೇಲೆ ಎರಡನೆಯ ಹಸ್ತಪ್ರತಿಯೂ ಮೊದಲು ನಿಮ್ಮ ಬಳಿಗೇ ಬರುತ್ತದೆ. ಅದನ್ನು ತೆಗೆದುಕೊಳ್ಳಬೇಡಿ. ನಿಮ್ಮ ಅಭಿರುಚಿ ಯಾವುದು, ನಿಮಗೆ ಯಾವುದು ಹಿಡಿಸುತ್ತದೆ ಎಂಬುದು ಅವರಿಗೆ ಈಗ ಬಾಯಿಪಾಠವಾಗಿದೆ. ನಿಮ್ಮನ್ನು ಮೆಚ್ಚಿಸಲು ಬರೆಯತೊಡಗುತ್ತಾರೆ. ನಿಮಗಿಂತ ಬೇರೆ ರೀತಿ ಯೋಚಿಸುವ ಇಬ್ಬರು ಓದುಗರ ಹೆಸರು ಕೊಡಿ, ಸಾಧ್ಯವಾದರೆ ಒಬ್ಬರು ಧಾರವಾಡದ ಕಡೆಯವರೋ ಕಲಬುರಗಿ ಕಡೆಯವರೋ ಆಗಿರಲಿ, ನೀವೇ ಫೋನ್ ಮಾಡಿ ಪರಿಚಯಿಸಿ. ಆ ಪುಸ್ತಕವನ್ನು ನೀವು ಅಚ್ಚಾದ ಮೇಲೆ ಅಂಗಡಿಯಲ್ಲಿ ಕೊಂಡು ಓದಿ.